ಸಾಲಿನಲ್ಲಿ ಸಿಕ್ಕಿಕೊಂಡ ಮಾತು

ಮಗು ತೊದಲಿದರೆ ಮುದ್ದು. ಯಂತ್ರ ತೊದಲಿದರೆ ತಲೆನೋವು. ಹಾಡು ನಡುವೆ ಬಿಕ್ಕುವುದು, ಪರದೆಯ ಮೇಲಿನವರ ಬಾಯಿ ತೆರೆದದ್ದು ತೆರೆದೇ ಉಳಿಯುವುದು ಈಗ ಮನೆಮನೆಯ ಅನುಭವ. ನಮ್ಮಂಥ ಮೇಷ್ಟರುಗಳಿಗೆ 2020ರಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ಶಾಲೆಗೆ ಬೀಗ ಬಿದ್ದಿತ್ತು. ಮೊಬೈಲನ್ನು ಪುಸ್ತಕದ ರಾಶಿಗೆ ಒರಗಿಸಿಕೊಂಡು ಹತ್ತನೆಯ ತರಗತಿಗೆ ಇತಿಹಾಸ ಹೇಳುತ್ತಿದ್ದೆ. ಬಂಗಾಳದ ವಿಭಜನೆ ‘ಸಾವಿರದ ಒಂಬೈನೂರ ಐದು’ ಎಂದರೆ ಕೆಲವರಿಗೆ ‘ಒಂಬೈನೂರ’ದಲ್ಲಿಗೇ ಮುಗಿದಿತ್ತು. 1900 ಎಂದು ಬರೆದುಕೊಂಡರು. ಎದುರಿಗೆ ಕೂತ ಮಗುವಾದರೆ ಮುಖ ನೋಡಿ ಇನ್ನೊಮ್ಮೆ ಹೇಳಬಹುದು. ಇಲ್ಲಿ ಆ ಐದು ಎಲ್ಲಿ ಬಿದ್ದುಹೋಯಿತೆಂದು ಹುಡುಕುವುದೆಲ್ಲಿ?

ಅವರಲ್ಲಿ ಒಬ್ಬಳು ಚುರುಕು ಹುಡುಗಿ. “ಟೀಚರ್, ಯಾವಾಗಲೂ ಹೀಗಾಗಲ್ಲ. ಅಣ್ಣ ಸಿನಿಮಾ ಇಳಿಸ್ಕೊಳ್ಳೋವಾಗ ಮಾತ್ರ ನಿಮ್ಮ ಮಾತು ತುಂಡಾಗುತ್ತೆ” ಎಂದಳು. ಅವರ ಮನೆಯವರು ಇಂಟರ್ನೆಟ್ ಕಂಪನಿಗೆ ಫೋನು ಮಾಡಿದರೆ ‘ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ’ ಎಂಬ ಒಂದೇ ಮಂತ್ರವಂತೆ. ಡಿಜಿಟಲ್ ದೂರವಾಣಿಯಲ್ಲಿ ಒಂದು ದನಿಗೆ ಸೆಕೆಂಡಿಗೆ 64 ಸಾವಿರ ಬಿಟ್ ಸಾಕು. ಸೆಕೆಂಡಿಗೆ ಕೋಟಿ ಬಿಟ್ ತರುವ ತಂತಿಯಲ್ಲಿ ನನ್ನ ದನಿಯೊಂದಕ್ಕೆ ಜಾಗವಿಲ್ಲವೆಂದರೆ ನಂಬುವುದು ಹೇಗೆ?

ಕಂಪ್ಯೂಟರ್ ಓದಿದ ತಂಗಿಯ ಮಗನನ್ನು ಕಾಡಿ ಕೇಳಿದೆ. ಅವನು ಹೇಳಿದ್ದು ನಮ್ಮ ಕಾಲದ ಸೀಮೆಎಣ್ಣೆ ಅಂಗಡಿಯ ಕಥೆಯೇ. ಒಂದು ಕಿಂಡಿ, ಒಂದೇ ಸಾಲು. ಸಿನಿಮಾ ಎಂಬ ಗಿರಾಕಿ ನೂರಾರು ಡಬ್ಬ ಸಾಲಿಗಿಟ್ಟು ನಿಂತಿದ್ದಾನೆ. ನನ್ನ ಮಾತು ಕೈಯಲ್ಲಿ ಸಣ್ಣ ಸೀಸೆ ಹಿಡಿದು ಬಂದರೂ ಅಷ್ಟೂ ಡಬ್ಬಗಳ ಹಿಂದೆ ನಿಲ್ಲಬೇಕು. ಸಿನಿಮಾಕ್ಕೆ ತಡವಾದರೆ ನಷ್ಟವಿಲ್ಲ. ಮೊದಲೇ ಧ್ವನಿಮುದ್ರಿಸಿದ ಹಾಡಾದರೂ ಕೆಲವು ಸೆಕೆಂಡಿನಷ್ಟನ್ನು ಮುಂಚೆಯೇ ಕೂಡಿಟ್ಟುಕೊಂಡು ಸುಧಾರಿಸಬಹುದು. ಪ್ರಶ್ನೆ–ಉತ್ತರದ ಪಾಠ ಹಾಗಲ್ಲ. ತಡವಾಗಿ ಬಂದ ಅಕ್ಷರ ಬಾರದ ಅಕ್ಷರಕ್ಕೆ ಸಮ. ಮದ್ದು ಸರಳವೇ. ಇಳಿಸಿಕೊಳ್ಳುವ ವೇಗಕ್ಕೆ ತಂತಿಯ ತಾಕತ್ತಿಗಿಂತ ತುಸು ಕಡಿಮೆ ಮಿತಿ ಹಾಕಿದರೆ ಸಾಲೇ ಬೆಳೆಯದು. ಕಂಪ್ಯೂಟರಿನೊಳಗೇ ಇರುವ ಹಾಡು ಕೂಡ ಆಗ ಬಿಕ್ಕಿದರೆ ಮಾತ್ರ ದೋಷ ತಂತಿಯದಲ್ಲ. ಬರೆದುಕೊಳ್ಳುವುದರಲ್ಲಿ ಏದುಸಿರು ಬಿಡುತ್ತಿರುವ ಯಂತ್ರದ್ದೇ.

ಇತಿಹಾಸದ ಟೀಚರಾದ ನನ್ನನ್ನು ಹಿಡಿದದ್ದು ಇದರ ಹಿಂದಿನ ಕಥೆ. ಅಮೆರಿಕದ ಡ್ಯಾನಿ ಕೋಹೆನ್ ಮತ್ತು ಸಂಗಡಿಗರು 1974ರಲ್ಲೇ ಆರ್ಪಾನೆಟ್ ಜಾಲದಲ್ಲಿ ಮಾತನ್ನು ಪೊಟ್ಟಣ ಪೊಟ್ಟಣವಾಗಿ ಕಟ್ಟಿ ಕಳಿಸಿದ್ದರು. ಕಳೆದ ಪೊಟ್ಟಣವನ್ನು ಮತ್ತೆ ತರಿಸುವ ಶಿಸ್ತು ಕಾಗದಪತ್ರಕ್ಕೆ ಬೇಕು, ಮಾತಿಗೆ ಬೇಡ ಎಂಬುದು ಅಂಥ ಪ್ರಯೋಗಗಳಿಂದಲೇ ಮನವರಿಕೆಯಾಯಿತು. 1985ರ ಡಿಸೆಂಬರಿನಲ್ಲಿ ಜಾನ್ ನೇಗಲ್ ಎಂಬಾತ ಒಂದು ಟಿಪ್ಪಣಿ ಬರೆದ. ಪೊಟ್ಟಣ ಹಂಚುವ ಯಂತ್ರಕ್ಕೆ ಕೊನೆಯಿಲ್ಲದಷ್ಟು ಉಗ್ರಾಣ ಕೊಟ್ಟರೂ ದಟ್ಟಣೆ ತಪ್ಪದು, ಒಬ್ಬೊಬ್ಬ ಗಿರಾಕಿಗೂ ಬೇರೆ ಸಾಲು ಮಾಡಿ ಸರದಿಯಂತೆ ಕೊಡಿ ಎಂಬುದು ಅದರ ತಿರುಳು.

ಮರುವರ್ಷ ಅಕ್ಟೋಬರಿನಲ್ಲಿ ಅನಾಹುತವೇ ಆಯಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ. ಆ ದಾರಿಯ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ನಲವತ್ತು ಸಾವಿರವಲ್ಲ, ಬರೀ ನಲವತ್ತು! ಕಾಗದವನ್ನು ಕೈಯಲ್ಲಿ ಹಿಡಿದು ನಡೆದಿದ್ದರೂ ಬೇಗ ತಲುಪುತ್ತಿತ್ತು. ತಲುಪಿತೆಂಬ ಸುದ್ದಿ ಬಾರದೆ ಕಂಪ್ಯೂಟರುಗಳು ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕಳಿಸಿ ದಾರಿಯನ್ನೇ ಕಟ್ಟಿಹಾಕಿದ್ದವು. ವ್ಯಾನ್ ಜೇಕಬ್ಸನ್ ಮತ್ತು ಮೈಕ್ ಕರೆಲ್ಸ್ ಅವುಗಳಿಗೆ ಸಂಯಮ ಕಲಿಸಿದರು. 1988ರಲ್ಲಿ ಅದು ಲೇಖನವಾಗಿ ಬಂತು. ನಿಧಾನವಾಗಿ ವೇಗ ಏರಿಸು. ಒಂದು ಪೊಟ್ಟಣ ಕಳೆದರೆ ದಾರಿ ತುಂಬಿತೆಂದು ತಿಳಿದು ಹಿಂದೆ ಸರಿ. ಹೀಗೆ, ಕಳೆದುಹೋಗುವುದೇ ಎಚ್ಚರಿಕೆಯ ಗಂಟೆಯಾಯಿತು.

ಮುಂದೆ ಮೆಮರಿ ಅಗ್ಗವಾಯಿತು. ಏನೂ ಕಳೆಯದಿರಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ ಯಂತ್ರ ಮಾಡುವವರು ಪೆಟ್ಟಿಗೆಗಳೊಳಗೆ ದೊಡ್ಡ ದೊಡ್ಡ ಉಗ್ರಾಣ ಕಟ್ಟಿದರು. ಪೊಟ್ಟಣ ಕಳೆಯುವುದು ನಿಂತಿತು, ಗಂಟೆ ಬಾರಿಸುವುದೂ ನಿಂತಿತು, ಸಾಲು ಬೆಳೆಯಿತು. ನೇಗಲ್ ಎಚ್ಚರಿಸಿ ಇಪ್ಪತ್ತೈದು ವರ್ಷ ಕಳೆದಿತ್ತು. 2010ರಲ್ಲಿ ಜಿಮ್ ಗೆಟಿಸ್ ಎಂಬ ಅನುಭವಿ ತನ್ನ ಮನೆಯಲ್ಲಿ ದೊಡ್ಡ ಫೈಲು ಸಾಗಿಸುವಾಗ ಉಳಿದ ಕೆಲಸವೆಲ್ಲ ಜಡ್ಡುಗಟ್ಟುವುದನ್ನು ಕಂಡು ಬೆನ್ನು ಹತ್ತಿದ. ಆ ರೋಗಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟ. ಅವನು ಕಂಡದ್ದಕ್ಕೂ ನನ್ನ ವಿದ್ಯಾರ್ಥಿನಿ ಕಂಡದ್ದಕ್ಕೂ ವ್ಯತ್ಯಾಸ ಬಹಳವಿಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆ.

2012ರಲ್ಲಿ ಕ್ಯಾಥಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಪರಿಹಾರವೊಂದನ್ನು ಹೊರತಂದರು. ಸಾಲು ಎಷ್ಟು ಉದ್ದ ಎಂದು ಕೇಳಬೇಡ, ಎಷ್ಟು ಹೊತ್ತು ಕಾಯಿಸಿದೆ ಎಂದು ಕೇಳು. ಸೆಕೆಂಡಿನ ಸಾವಿರದ ಐದು ಭಾಗಕ್ಕಿಂತ ಹೆಚ್ಚಿನ ಕಾಯುವಿಕೆ ಹಟ ಹಿಡಿದು ಉಳಿದರೆ ಒಂದು ಪೊಟ್ಟಣ ಬಿಸಾಡು. ಇದಕ್ಕೆ ನೇಗಲ್ ಹೇಳಿದ್ದ ಬೇರೆಬೇರೆ ಸಾಲಿನ ಉಪಾಯವನ್ನೂ ಜೋಡಿಸಿ ಅದೇ ವರ್ಷ ಲಿನಕ್ಸಿಗೆ ಸೇರಿಸಿದರು. ಈಗ ಕೆಲವು ಮನೆಗಳ ವೈಫೈ ಪೆಟ್ಟಿಗೆಯಲ್ಲಿ ಅದು ಇದೆ, ಕೆಲವದರಲ್ಲಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೈಮೇಲೆ ವೇಗದ ಅಂಕಿ ದಪ್ಪಕ್ಷರದಲ್ಲಿ ಕಾಣುತ್ತದೆ. ತುಂಬಿದ ಹೊತ್ತಿನಲ್ಲಿ ಎಷ್ಟು ಕಾಯಿಸುತ್ತದೆ ಎಂದು ಬರೆದದ್ದನ್ನು ನಾನಂತೂ ಇನ್ನೂ ನೋಡಿಲ್ಲ.