ಮೈಲಿ ಇದೆ, ಸೀಟಿಲ್ಲ

ನಮ್ಮಂಥ ಐಟಿ ಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೊಮ್ಮೆಯಾದ್ರೂ ಬರೋ ಪ್ರಶ್ನೆ ಇದು: "ಗುರೂ, ಎರಡು ಲಕ್ಷ ಪಾಯಿಂಟ್ ಇದೆ. ಅಪ್ಪ ಅಮ್ಮನನ್ನ ಬೇಸಿಗೆಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆಸ್ಕೋಬೇಕು. ಎರಡು ಸೀಟು ಸಿಗ್ತಾನೇ ಇಲ್ಲ. ಏನ್ ಮಾಡ್ಲಿ?" ಉತ್ತರಗಳೂ ಪ್ರತಿ ವರ್ಷ ಅವೇ. ಹನ್ನೊಂದು ತಿಂಗಳು ಮುಂಚೆ ಮಧ್ಯರಾತ್ರಿ ಎದ್ದು ನೋಡು. ಪಾರ್ಟ್‌ನರ್ ಕಂಪನಿಯ ಸೈಟಲ್ಲಿ ನೋಡು. ಕಾಲ್ ಸೆಂಟರಿಗೆ ಫೋನ್ ಮಾಡು. ಒಬ್ಬರಿಗೆ ಅಂತ ಹುಡುಕಿದ್ರೆ ಸೀಟು ಇರುತ್ತೆ, ಇಬ್ಬರಿಗೆ ಅಂದ ತಕ್ಷಣ ಮಾಯ. ಕೆಲವು ಸಲ ಇಬ್ಬರಿಗೂ ಕಾಣುತ್ತೆ, ಕೊನೇ ಕ್ಲಿಕ್ಕಲ್ಲಿ "ಲಭ್ಯವಿಲ್ಲ" ಅನ್ನುತ್ತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನೋದು ಇದಕ್ಕೇ.

ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋ ನಮಗೆ ಮೊದಲು ಬರೋ ಅನುಮಾನ, ಇದು ಬಗ್ ಇರಬೇಕು ಅಂತ. ಸ್ವಲ್ಪ ಮಟ್ಟಿಗೆ ನಿಜ. ಎರಡು ಕಂಪನಿಗಳ ಸಿಸ್ಟಮ್‌ಗಳು ಹೊಂದಿಕೊಳ್ಳದೆ ಹಳೇ ಮಾಹಿತಿ ತೋರಿಸೋದುಂಟು. ಆದರೆ ಮುಖ್ಯ ಕಾರಣ ಅದಲ್ಲ. ಆ ಕಾರಣ ಹುಡುಕಬೇಕಾದ್ರೆ ನಲವತ್ತು ವರ್ಷಕ್ಕೂ ಹಿಂದಿನ ಅಮೆರಿಕಕ್ಕೆ ಹೋಗಬೇಕು.

1978ರವರೆಗೆ ಅಮೆರಿಕದಲ್ಲಿ ಯಾವ ವಿಮಾನ ಎಲ್ಲಿಗೆ ಹಾರಬೇಕು, ಟಿಕೆಟ್ ಎಷ್ಟು ಅನ್ನೋದನ್ನ ಸರ್ಕಾರದ ಮಂಡಳಿಯೇ ತೀರ್ಮಾನಿಸ್ತಿತ್ತು. ಆ ವರ್ಷ ಬಂದ ವಿಮಾನಯಾನ ಅನಿಯಂತ್ರಣ ಕಾಯ್ದೆ ಈ ಕಟ್ಟನ್ನ ಬಿಚ್ಚಿತು. ಹೊಸ ಕಂಪನಿಗಳು ಹುಟ್ಟಿದವು, ದರ ಸಮರ ಶುರುವಾಯ್ತು. ಎಲ್ಲರೂ ಒಂದೇ ಥರದ ಸೀಟು ಮಾರೋವಾಗ ಗಿರಾಕಿ ನಮ್ಮ ಹತ್ತಿರವೇ ಯಾಕೆ ಬರಬೇಕು? ಆಗ ಹತ್ತು ಸೀಟಲ್ಲಿ ಸುಮಾರು ನಾಲ್ಕು ಖಾಲಿಯಾಗಿಯೇ ಹಾರ್ತಿದ್ದವು. ಹೇಗೂ ಖಾಲಿ ಹೋಗೋ ಸೀಟನ್ನ ನಿಷ್ಠಾವಂತ ಗಿರಾಕಿಗೆ ಕೊಟ್ರೆ ಕಳ್ಕೊಳ್ಳೋದು ಒಂದು ಊಟ, ಒಂದಿಷ್ಟು ಇಂಧನ, ಅಷ್ಟೇ.

ಮೈಲಿ ಲೆಕ್ಕದ ಯೋಜನೆಯನ್ನ ಮೊದಲು ಮಾಡಿದ್ದು 1979ರಲ್ಲಿ ಟೆಕ್ಸಾಸ್ ಇಂಟರ್‌ನ್ಯಾಷನಲ್ ಅನ್ನೋ ಸಣ್ಣ ಕಂಪನಿ. ಅದನ್ನ ದೊಡ್ಡದು ಮಾಡಿದ್ದು ರಾಬರ್ಟ್ ಕ್ರ್ಯಾಂಡಲ್ ನಾಯಕತ್ವದ ಅಮೆರಿಕನ್ ಏರ್‌ಲೈನ್ಸ್. 1981ರ ಮೇ 1ರಂದು ಅದರ 'ಅಡ್ವಾಂಟೇಜ್' ಯೋಜನೆ ಶುರುವಾಯ್ತು. ಮೊದಲ ಸದಸ್ಯರನ್ನ ಹುಡುಕಿದ ರೀತಿ ನಮಗೆ ಇಷ್ಟವಾಗೋ ಅಂಥದ್ದು. ಅವರ ಬಳಿ 'ಸೇಬರ್' ಅನ್ನೋ ಬುಕಿಂಗ್ ಕಂಪ್ಯೂಟರ್ ಇತ್ತು. ಅದರೊಳಗೆ ಮತ್ತೆ ಮತ್ತೆ ಬರೋ ಫೋನ್ ನಂಬರ್‌ಗಳನ್ನ ಹೆಕ್ಕಿ ತೆಗೆದರು. ಇವತ್ತಿನ ಭಾಷೇಲಿ ಹೇಳೋದಾದ್ರೆ ಫೋನ್ ನಂಬರ್ ಮೇಲೆ ಒಂದು 'ಗ್ರೂಪ್ ಬೈ'. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಇಂಥದ್ದೇ ಯೋಜನೆ ಘೋಷಿಸಿತು, ಅದೇ ವರ್ಷ ಡೆಲ್ಟಾ ಮತ್ತು ಟಿಡಬ್ಲ್ಯುಎ ಬಂದವು.

ಆದರೆ ಅದೇ ಕಂಪ್ಯೂಟರ್ ಖಾಲಿ ಸೀಟನ್ನ ಕಡಿಮೆ ಮಾಡೋದನ್ನೂ ಕಲೀತು. 1985ರಲ್ಲಿ ಅಗ್ಗದ ಪೀಪಲ್ ಎಕ್ಸ್‌ಪ್ರೆಸ್ ಜೊತೆ ಸೆಣಸೋಕೆ ಅಮೆರಿಕನ್ ಹೊಸ ಅಸ್ತ್ರ ಹೂಡಿತು. ಒಂದೇ ವಿಮಾನದ ಸೀಟುಗಳನ್ನ ಹಲವು ದರಗಳಾಗಿ ಹಂಚೋದು, ಯಾವ ದರಕ್ಕೆ ಎಷ್ಟು ಅಂತ ಬೇಡಿಕೆ ನೋಡಿ ದಿನಾ ಬದಲಿಸೋದು. ಪ್ರತಿ ದರಕ್ಕೂ ಇಂಗ್ಲಿಷಿನ ಒಂದು ಅಕ್ಷರ. ಪಾಯಿಂಟ್ ಸೀಟಿಗೂ ಒಂದು ಅಕ್ಷರ ಸಿಕ್ಕಿತು. ಆ ಅಕ್ಷರದ ಮುಂದೆ ಸೊನ್ನೆ ಇದ್ರೆ ವಿಮಾನದಲ್ಲಿ ನೂರು ಸೀಟು ಖಾಲಿ ಇದ್ರೂ ನಿಮಗಿಲ್ಲ. ಒಂದು ಅಂತಿದ್ರೆ ಅಪ್ಪನಿಗೆ ಸಿಗುತ್ತೆ, ಅಮ್ಮನಿಗಿಲ್ಲ. ಇಬ್ಬರಿಗೆ ಅಂತ ಹುಡುಕಿದ್ರೆ ಒಂದೂ ಕಾಣಲ್ಲ. ಇವತ್ತು ಅಮೆರಿಕದ ವಿಮಾನಗಳಲ್ಲಿ ಹತ್ತು ಸೀಟಲ್ಲಿ ಎಂಟಕ್ಕೂ ಹೆಚ್ಚು ಭರ್ತಿ. ಯೋಜನೆ ಹುಟ್ಟಿದ್ದು ಯಾವ ಖಾಲಿ ಸೀಟಿನ ಮೇಲೋ, ಆ ಸೀಟೇ ಕರಗಿಹೋಗಿದೆ.

ಸೀಟು ಕರಗ್ತಾ ಇದ್ದಾಗ ಮೈಲಿ ಮಾತ್ರ ಬೆಳೀತಾ ಹೋಯ್ತು. 1987ರಲ್ಲಿ ಸಿಟಿಬ್ಯಾಂಕ್ ಮತ್ತು ಅಮೆರಿಕನ್ ಸೇರಿ ಕ್ರೆಡಿಟ್ ಕಾರ್ಡ್ ತಂದರು. ಅಲ್ಲಿಂದ ಮೈಲಿ ಗಳಿಸೋಕೆ ವಿಮಾನ ಹತ್ತೋದೇ ಬೇಕಿರಲಿಲ್ಲ, ದಿನಸಿ ತಂದ್ರೂ ಸಾಕಾಯ್ತು. ಕಂಪನಿಗಳು ಬ್ಯಾಂಕಿಗೆ ಮೈಲಿ ಮಾರೋದೇ ಒಂದು ವ್ಯಾಪಾರವಾಯ್ತು. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್, ಆಹಾರ ಕಂಪನಿಯೊಂದರ ಕೊಡುಗೆಯ ಲೆಕ್ಕಾಚಾರ ಹಿಡಿದು 12,150 ಕಪ್ ಪುಡ್ಡಿಂಗ್ ಖರೀದಿಸಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಮೈಲಿ ಗಳಿಸಿದರು. ಖರ್ಚಾದದ್ದು ಸುಮಾರು 3,000 ಡಾಲರ್. ಪುಡ್ಡಿಂಗನ್ನ ದಾನ ಕೊಟ್ಟರು. ಕಥೆ ಮಜವಾಗಿದೆ. ಆದರೆ ಪುಡ್ಡಿಂಗ್ ಕಪ್ಪಿನ ಮೇಲೆ ಮೈಲಿ ಅಚ್ಚು ಹಾಕೋಕಾಗುತ್ತೆ ಅಂದ್ರೆ, ಅದನ್ನ ಎಷ್ಟು ಬೇಕಾದ್ರೂ ಅಚ್ಚು ಹಾಕಬಹುದು. ಸೀಟನ್ನ ಹಾಗೆ ಅಚ್ಚು ಹಾಕೋಕಾಗಲ್ಲ.

ನಮ್ಮೂರ ಕಿರಾಣಿ ಅಂಗಡೀಲಿ ಚಿಲ್ಲರೆ ಇಲ್ಲ ಅಂತ ಚಾಕಲೇಟ್ ಕೊಡ್ತಿದ್ರು. ಒಂದು ರೂಪಾಯಿಗೆ ಒಂದು ಚಾಕಲೇಟ್. ಮಾರನೇ ದಿನ ಅದೇ ಚಾಕಲೇಟ್ ಕೊಟ್ಟು ಬೆಂಕಿಪೊಟ್ಟಣ ಕೇಳಿ ನೋಡಿ, ಅಂಗಡಿಯವನು ನಿಮ್ಮನ್ನೇ ಮೇಲಿಂದ ಕೆಳಗೆ ನೋಡ್ತಾನೆ. ಕೊಡೋವಾಗ ಅದು ದುಡ್ಡು, ತಗೊಳ್ಳೋವಾಗ ಅಲ್ಲ. ಏರ್‌ಲೈನ್ ಮೈಲಿ ಇಂಥ ಚಾಕಲೇಟೇ. ಬೆಲೆ ಕಟ್ಟೋನೂ ಅವನೇ, ವಾಪಸ್ ತಗೊಳ್ಳೋದೋ ಬೇಡವೋ ಅಂತ ತೀರ್ಮಾನಿಸೋನೂ ಅವನೇ.

ಇದು ಅನ್ಯಾಯ ಅಂತ ಜನ ಕೋರ್ಟಿಗೂ ಹೋದರು. 1988ರಲ್ಲಿ ಅಮೆರಿಕನ್, ಪಾಯಿಂಟ್ ಸೀಟುಗಳಿಗೆ ಮಿತಿ ಹಾಕಿ, ಹಬ್ಬ-ರಜೆಯ ಕೆಲವು ದಿನ ಕೊಡೋದೇ ಇಲ್ಲ ಅಂತ ನಿಯಮ ಬದಲಿಸಿತು. ಮೊದಲೇ ಗಳಿಸಿದ್ದ ಮೈಲಿಗಳಿಗೂ ಇದು ಅನ್ವಯ. ಇಲಿನಾಯ್ ರಾಜ್ಯದ ಸದಸ್ಯರು ಹೂಡಿದ ದಾವೆ ಸುಪ್ರೀಂ ಕೋರ್ಟ್ ಮುಟ್ಟಿತು. 1995ರಲ್ಲಿ ಬಂದ ತೀರ್ಪು: ರಾಜ್ಯದ ಗ್ರಾಹಕ ರಕ್ಷಣಾ ಕಾನೂನಿನಡಿ ದೂರು ನಡೆಯಲ್ಲ, ಯಾಕಂದ್ರೆ 1978ರ ಕಾಯ್ದೆ ಅದಕ್ಕೆ ಅಡ್ಡ. ಒಪ್ಪಂದ ಮುರಿದರು ಅಂತ ಬೇಕಾದ್ರೆ ಕೇಳಬಹುದು. ಒಪ್ಪಂದ ಬರೆಯೋರು ಯಾರು? ಕಂಪನಿಯೇ. 2014ರಲ್ಲಿ ನಾರ್ತ್‌ವೆಸ್ಟ್ ಕಂಪನಿ ಸದಸ್ಯತ್ವ ಕಿತ್ತುಕೊಂಡಿದ್ದ ಪ್ರಯಾಣಿಕರೊಬ್ಬರ ಮೊಕದ್ದಮೆಯಲ್ಲೂ ಅದೇ ಕೋರ್ಟು ಕಂಪನಿಯ ಪರ ನಿಂತಿತು. ನಾವು 'ಐ ಅಗ್ರೀ' ಒತ್ತೋ ಪುಟದಲ್ಲಿ, ನಿಯಮ ಯಾವಾಗ ಬೇಕಾದ್ರೂ ಬದಲಿಸ್ತೀವಿ ಅನ್ನೋ ಸಾಲು ಇರೋದು ಸುಮ್ಮನೆ ಅಲ್ಲ.

ದೂರದ ಪ್ರಯಾಣದಲ್ಲಿ ಈ ತಾಪತ್ರಯ ಇಮ್ಮಡಿ. 1997ರಲ್ಲಿ ಐದು ಕಂಪನಿಗಳು ಸೇರಿ ಸ್ಟಾರ್ ಅಲಯನ್ಸ್ ಕಟ್ಟಿದವು, 2014ರಲ್ಲಿ ಏರ್ ಇಂಡಿಯಾ ಅದಕ್ಕೆ ಸೇರಿತು. ಒಬ್ಬರ ಪಾಯಿಂಟಲ್ಲಿ ಇನ್ನೊಬ್ಬರ ವಿಮಾನ ಹತ್ತಬಹುದು ಅನ್ನೋದು ಕೇಳೋಕೆ ಚೆನ್ನ. ಆದರೆ ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಅಂದ್ರೆ ಎರಡೂ ವಿಮಾನದಲ್ಲಿ, ಹೊಂದೋ ದಿನದಲ್ಲಿ, ಆ ಪಾಯಿಂಟ್ ಅಕ್ಷರದ ಮುಂದೆ ಎರಡು ಅಂತ ಇರಬೇಕು. ಪಾರ್ಟ್‌ನರ್‌ಗೆ ಸೀಟು ಬಿಡೋ ಮುಂಚೆ ತನ್ನ ಸದಸ್ಯರಿಗೆ ಉಳಿಸ್ಕೊಳ್ಳೋ ಕಂಪನಿಗಳೂ ಇವೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ ಶುರು ಮಾಡ್ದಾಗ ನಮ್ಮೋರು ಕುಣಿದಾಡಿದ್ದು ಇದಕ್ಕೇ. ಆದರೆ ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರು, ರಜೆಗೆ ಊರಿಗೆ ಬರೋ ಮಕ್ಕಳು ಎಲ್ಲರೂ ಒಂದೇ ತಿಂಗಳಲ್ಲಿ ಹಾರೋರು. ಕಾಸು ಕೊಟ್ಟು ಹೋಗೋರು ಸಾಲುಗಟ್ಟಿರೋವಾಗ ಪಾಯಿಂಟಿಗೆ ಸೀಟು ಯಾರು ಬಿಡ್ತಾರೆ?

ಇಷ್ಟು ಮೈಲಿಗೆ ಇಷ್ಟು ದೂರ ಅಂತ ಒಂದು ಪಟ್ಟಿಯಾದ್ರೂ ಇತ್ತು. ಡೆಲ್ಟಾ ಅದನ್ನ 2015ರಲ್ಲಿ ತೆಗೆದುಹಾಕಿತು. 2019ರಲ್ಲಿ ಯುನೈಟೆಡ್ ತನ್ನ ವಿಮಾನಗಳಿಗೆ ತೆಗೆಯಿತು. ಈಗ ಸೀಟು ಕಾಣುತ್ತೆ, ಬೆಲೆ ನೋಡಿದ್ರೆ ಎದೆ ಧಸಕ್ಕೆನ್ನುತ್ತೆ. 'ಸೀಟಿಲ್ಲ' ಅನ್ನೋದನ್ನೇ ಬೇರೆ ಮಾತಲ್ಲಿ ಹೇಳಿದ ಹಾಗೆ.

ಈ ಚಾಕಲೇಟಿನ ನಿಜವಾದ ಬೆಲೆ ಎಲ್ಲರ ಕಣ್ಣಿಗೆ ಬಿದ್ದದ್ದು ಕಷ್ಟಕಾಲದಲ್ಲಿ. ನಮ್ಮಲ್ಲಿ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ವಿಮಾನ ಹಾರಿಸಿ ನಿಂತುಹೋಯ್ತು. ಅದರ ಪಾಯಿಂಟ್ ಯೋಜನೆ ಮಾತ್ರ ಬೇರೆ ಕಂಪನಿಯಾಗಿದ್ದರಿಂದ 'ಇಂಟರ್‌ಮೈಲ್ಸ್' ಅಂತ ಹೆಸರು ಬದಲಿಸ್ಕೊಂಡು ಬದುಕಿತು. ಮಾರನೇ ವರ್ಷ ಕೋವಿಡ್‌ನಿಂದ ವಿಮಾನಗಳೆಲ್ಲ ನೆಲ ಹಿಡಿದಾಗ ಅಮೆರಿಕದ ಕಂಪನಿಗಳು ಸಾಲಕ್ಕೆ ಅಡವಿಟ್ಟದ್ದು ಇದೇ ಯೋಜನೆಗಳನ್ನ. 2020ರಲ್ಲಿ ಯುನೈಟೆಡ್ ಎತ್ತಿದ್ದು 680 ಕೋಟಿ ಡಾಲರ್, ಡೆಲ್ಟಾ 900 ಕೋಟಿ, 2021ರಲ್ಲಿ ಅಮೆರಿಕನ್ 1,000 ಕೋಟಿ.

ಅಂದ್ರೆ ನಾವು 'ಉಳಿತಾಯ' ಅಂದ್ಕೊಂಡು ಕೂಡಿಡೋದು ಅವರಿಗೆ ಸರಕು. ಉಳಿತಾಯಕ್ಕೆ ಬಡ್ಡಿ ಬರುತ್ತೆ, ಮೈಲಿಗೆ ಬರೋದು ಸವಕಳಿ. ಹಾಗಂತ ಕಾರ್ಡ್ ಕತ್ತರಿಸಿ ಬಿಸಾಕಿ ಅಂತಲ್ಲ. ಸಿಕ್ಕ ಚಾಕಲೇಟನ್ನ ಡಬ್ಬೀಲಿ ತುಂಬಿಸಿಡಬೇಡಿ, ತಿಂದುಬಿಡಿ. ಸೀಟು ಕಣ್ಣಿಗೆ ಕಾಣೋವರೆಗೂ ಕಾರ್ಡಿನ ಪಾಯಿಂಟನ್ನ ಏರ್‌ಲೈನಿಗೆ ಕಳಿಸಬೇಡಿ, ಒಮ್ಮೆ ಹೋದ್ರೆ ವಾಪಸ್ ಬರಲ್ಲ. ಹಬ್ಬ-ರಜೆ ಬಿಟ್ಟು ಹೋಗೋಕಾದ್ರೆ ಪಾಯಿಂಟ್ ಬಳಸಿ. ತಾರೀಖು ಗಟ್ಟಿಯಾಗಿದ್ರೆ, ಮಗಳ ಹೆರಿಗೆಯಂಥ ಕಾರಣಕ್ಕೆ ಅಮ್ಮ ಹೋಗಲೇಬೇಕಾಗಿದ್ರೆ, ಆ ಟಿಕೆಟ್ಟಿನ ದುಡ್ಡನ್ನ ಬ್ಯಾಂಕಲ್ಲೇ ಎತ್ತಿಡಿ. ಮಗು ಹುಟ್ಟೋ ದಿನಕ್ಕೆ ಆ ಅಕ್ಷರದ ಮುಂದಿನ ಸಂಖ್ಯೆ ಎಷ್ಟಿರುತ್ತೋ, ಅದು ನಮ್ಮ ಕೈಲಿಲ್ಲ.