ತಟ್ಟೆಯ ಲೆಕ್ಕ ಇಟ್ಟ ಎಂಜಿನಿಯರ್

ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಈಚೆಗೆ ಎರಡು ಪಂಗಡಗಳಾಗಿವೆ. ಹೋಳಿಗೆ, ಬಿಸಿಬೇಳೆಭಾತು, ಮಾವಿನಕಾಯಿ ಚಿತ್ರಾನ್ನಗಳನ್ನು ಧಾರಾಳವಾಗಿ ಬಡಿಸಿಕೊಳ್ಳುವವರದು ಒಂದು. ಕೋಸಂಬರಿ, ಪಲ್ಯಗಳನ್ನಷ್ಟೇ ಹಾಕಿಕೊಂಡು ಹೋಳಿಗೆಯ ಕಡೆ ಆಸೆಗಣ್ಣಿನಿಂದ ನೋಡುವವರದು ಇನ್ನೊಂದು. ನಲವತ್ತು ದಾಟಿದ ನಾವು ಎರಡು ವರ್ಷಗಳಿಂದ ಎರಡನೆಯ ಪಂಗಡಕ್ಕೆ ಸೇರಿದ್ದೇವೆ. "ಏನ್ರೀ, ಲೋ ಕಾರ್ಬಾ? ಇದೆಲ್ಲ ಅಮೆರಿಕದವರ ಹೊಸ ಫ್ಯಾಷನ್ನು, ಬಿಡ್ರೀ" ಎಂದು ಗೆಳೆಯರು ಕಾಲೆಳೆದಾಗ ನಮಗೂ ಹಾಗೇ ಅನ್ನಿಸಿತ್ತು. ಕುತೂಹಲಕ್ಕೆ ಓದುತ್ತಾ ಹೋದರೆ, ಈ ಹೊಸ ಫ್ಯಾಷನ್ನಿಗೆ ಇನ್ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ! ಅದರಲ್ಲಿ ನಮ್ಮ ಕಸುಬಿಗೆ ಹತ್ತಿರದವರೊಬ್ಬರ ಕಥೆಯೂ ಇದೆ.

ಸಿಹಿಮೂತ್ರ ನಮ್ಮ ದೇಶಕ್ಕೆ ಹೊಸದಲ್ಲ. ಇರುವೆ ಮುತ್ತುವ ಮೂತ್ರವನ್ನು ಕಂಡು ಮಧುಮೇಹವನ್ನು ಗುರುತಿಸುವುದು ಆಯುರ್ವೇದದ ಹಳಬರಿಗೆ ಗೊತ್ತಿತ್ತು. ಆ ಸಿಹಿ ನಿಜವಾಗಿಯೂ ಸಕ್ಕರೆಯೇ ಎಂದು 1776ರಲ್ಲಿ ತೋರಿಸಿದವರು ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್. ರೋಗಿಯ ಮೂತ್ರವನ್ನು ಅವರು ಕಾಯಿಸಿ ಇಂಗಿಸಿದಾಗ ತಳದಲ್ಲಿ ಸಕ್ಕರೆ ಉಳಿಯಿತು. ಸಕ್ಕರೆ ಹೊರಗೆ ಹೋಗುತ್ತಿದ್ದರೆ ಒಳಗೆ ಬರುವುದನ್ನು ಕಡಿಮೆ ಮಾಡಿದರೆ ಹೇಗೆ? ಬ್ರಿಟಿಷ್ ಫಿರಂಗಿ ದಳದ ವೈದ್ಯ ಜಾನ್ ರೋಲೊ ಈ ಪ್ರಯೋಗವನ್ನು ಕ್ಯಾಪ್ಟನ್ ಮೆರಿಡಿತ್ ಎಂಬ ಅಧಿಕಾರಿಯ ಮೇಲೆ ಮಾಡಿ, 1797ರಲ್ಲಿ ಪುಸ್ತಕ ಪ್ರಕಟಿಸಿದರು. ಕ್ಯಾಪ್ಟನ್ನರಿಗೆ ಸಿಕ್ಕಿದ್ದು ಮುಖ್ಯವಾಗಿ ಮಾಂಸ ಮತ್ತು ಕೊಬ್ಬು. ನಮ್ಮಂಥ ಪುಳಿಚಾರಿನವರು ಕೇಳಿದರೆ ಊಟವೇ ಬೇಡ ಎನ್ನುವಂಥ ಪಥ್ಯ. ಆದರೂ ಅವರು ಚೇತರಿಸಿಕೊಂಡರು.

ಎರಡನೆಯ ಕಥೆ ಸ್ವಲ್ಪ ತಮಾಷೆಯದು. ಲಂಡನ್ನಿನ ವಿಲಿಯಂ ಬಾಂಟಿಂಗ್ ಅವರ ವೃತ್ತಿ ದೊಡ್ಡವರ ಶವಸಂಸ್ಕಾರದ ಏರ್ಪಾಡು ಮಾಡುವುದು. ಐದೂಕಾಲು ಅಡಿ ಚಿಲ್ಲರೆ ಎತ್ತರದ ಆಸಾಮಿ 1862ರ ಹೊತ್ತಿಗೆ 202 ಪೌಂಡ್ ತೂಗುತ್ತಿದ್ದರು. ಬಗ್ಗಿ ಷೂ ಕಟ್ಟಿಕೊಳ್ಳಲು ಆಗದು, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕು. ಕಿವಿ ಮಂದವಾಯಿತೆಂದು ಕಿವಿಯ ವೈದ್ಯ ವಿಲಿಯಂ ಹಾರ್ವೆ ಅವರ ಬಳಿ ಹೋದರೆ, ಅವರು ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಡಿ ಎಂದರು. ಯಕೃತ್ತು ಮತ್ತು ಸಕ್ಕರೆಯ ಬಗ್ಗೆ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡ್ ಮಾಡಿದ ಉಪನ್ಯಾಸವನ್ನು ಹಾರ್ವೆ ಕೇಳಿ ಬಂದಿದ್ದರು. ಸುಮಾರು ಒಂದು ವರ್ಷದಲ್ಲಿ ಬಾಂಟಿಂಗ್ 46 ಪೌಂಡ್ ಇಳಿದರು. ಆ ಖುಷಿಗೆ 1863ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿ ಹಂಚಿದರು. ಅವರ ಹೆಸರು ಎಷ್ಟು ಹಬ್ಬಿತೆಂದರೆ, ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸುವುದಕ್ಕೆ ಇಂದಿಗೂ 'ಬಾಂತಾ' ಎನ್ನುತ್ತಾರೆ.

ರೋಲೊ ಮತ್ತು ಹಾರ್ವೆ ಪಟ್ಟಿ ಕೊಟ್ಟರು, ರೋಗಿ ಪಾಲಿಸಿದ. ಇದರಿಂದ ಒಂದು ಹೆಜ್ಜೆ ಮುಂದೆ ಹೋದವರು ಪ್ಯಾರಿಸ್ಸಿನ ಅಪೊಲಿನೇರ್ ಬುಷಾರ್ದಾ. 1870-71ರಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿ ನಗರಕ್ಕೆ ಆಹಾರವಿಲ್ಲದಾಗ, ತಮ್ಮ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನು ಅವರು ಗಮನಿಸಿದರು. ಎಲ್ಲರಿಗೂ ಒಂದೇ ಪಥ್ಯ ಹೊಂದುವುದಿಲ್ಲ, ರೋಗಿ ದಿನವೂ ಮೂತ್ರ ಪರೀಕ್ಷಿಸಿಕೊಂಡು ತನಗೆ ಎಷ್ಟು ಸಲ್ಲುತ್ತದೆ ಎಂದು ಕಂಡುಕೊಳ್ಳಬೇಕು ಎನ್ನುವುದು ಅವರ ಪಾಠ. ನೋಡಿ, ಅಳತೆಗೋಲು ಮೊದಲ ಬಾರಿಗೆ ರೋಗಿಯ ಕೈಗೆ ಬಂತು.

1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಮೊದಲ ರೋಗಿಗೆ ಸಿಕ್ಕಿತು. ಸಾಯಬೇಕಾಗಿದ್ದ ಮಕ್ಕಳು ಬದುಕಿದರು. ಕಠಿಣ ಪಥ್ಯಗಳು ನಿಧಾನವಾಗಿ ಹಿಂದೆ ಸರಿದವು. ಆದರೆ ಬದುಕಿದ ಮಕ್ಕಳು ದೊಡ್ಡವರಾದಂತೆ ಕಣ್ಣು, ಮೂತ್ರಪಿಂಡ, ನರಗಳು ಕೆಡತೊಡಗಿದವು. ಹಾಗೆ ಬದುಕಿದವರಲ್ಲಿ ಒಬ್ಬರು ನಮ್ಮ ಕಥಾನಾಯಕ ರಿಚರ್ಡ್ ಬರ್ನ್‌ಸ್ಟೀನ್.

1934ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರಿಗೆ ಹನ್ನೆರಡನೆಯ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ಓದಿದ್ದು ಕೊಲಂಬಿಯಾದಲ್ಲಿ ಎಂಜಿನಿಯರಿಂಗ್. ವೈದ್ಯರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರೂ ಮೂವತ್ತು ದಾಟುವಷ್ಟರಲ್ಲಿ ಮೂತ್ರಪಿಂಡ ಕೆಡುತ್ತಿತ್ತು. ಆಗ ಮನೆಯಲ್ಲಿ ಸಕ್ಕರೆ ನೋಡಲು ಇದ್ದದ್ದು ಮೂತ್ರ ಪರೀಕ್ಷೆ ಮಾತ್ರ. ಅದು ಹೇಳುವುದು ಗಂಟೆಗಳ ಹಿಂದಿನ ಸುದ್ದಿ. ಸಾಫ್ಟ್‌ವೇರಿನವರ ಭಾಷೆಯಲ್ಲಿ ಹೇಳುವುದಾದರೆ, ಲಾಗ್ ಇಲ್ಲದೆ ಬಗ್ ಹುಡುಕುವ ಪರಿಸ್ಥಿತಿ.

1969ರಲ್ಲಿ ಪ್ರಯೋಗಾಲಯದವರ ಪತ್ರಿಕೆಯೊಂದರಲ್ಲಿ ಒಂದು ಜಾಹೀರಾತು ಅವರ ಕಣ್ಣಿಗೆ ಬಿತ್ತು. ಒಂದು ಹನಿ ರಕ್ತದಿಂದ ಒಂದೇ ನಿಮಿಷದಲ್ಲಿ ಸಕ್ಕರೆ ಅಳೆಯುವ ಯಂತ್ರ; ತೂಕ ಸುಮಾರು 3 ಪೌಂಡ್, ಬೆಲೆ 650 ಡಾಲರ್. ರಾತ್ರಿ ಆಸ್ಪತ್ರೆಗೆ ಪ್ರಜ್ಞೆ ತಪ್ಪಿ ಬಂದವನು ಕುಡುಕನೋ ಸಕ್ಕರೆ ರೋಗಿಯೋ ಎಂದು ತಿಳಿಯುವುದಕ್ಕಾಗಿ ಮಾಡಿದ್ದು. ವೈದ್ಯರಿಗೆ ಬಿಟ್ಟು ರೋಗಿಗಳಿಗೆ ಮಾರುತ್ತಿರಲಿಲ್ಲ. ಪುಣ್ಯಕ್ಕೆ ಬರ್ನ್‌ಸ್ಟೀನರ ಹೆಂಡತಿ ವೈದ್ಯೆ. ಅವರ ಹೆಸರಿನಲ್ಲಿ ಯಂತ್ರ ಮನೆಗೆ ಬಂತು!

ಮುಂದೆ ಅವರು ಮಾಡಿದ್ದು ಯಾವ ಎಂಜಿನಿಯರಾದರೂ ಮಾಡುವ ಕೆಲಸ. ದಿನಕ್ಕೆ ಐದು ಬಾರಿ ಬೆರಳು ಚುಚ್ಚಿ ಸಂಖ್ಯೆ ಬರೆದಿಟ್ಟರು. ಸಕ್ಕರೆ ಒಂದೇ ದಿನದಲ್ಲಿ ಪಾತಾಳಕ್ಕೆ ಇಳಿದು ಆಕಾಶಕ್ಕೆ ಏರುತ್ತಿತ್ತು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡಿದರು. ಹೆಚ್ಚು ಪಿಷ್ಟ ತಿಂದರೆ ಹೆಚ್ಚು ಇನ್ಸುಲಿನ್ ಬೇಕು. ಎರಡೂ ದೊಡ್ಡದಾದಾಗ ಅಂದಾಜು ತಪ್ಪಿದರೆ ಪೆಟ್ಟೂ ದೊಡ್ಡದು. ಎರಡನ್ನೂ ಚಿಕ್ಕದಾಗಿಸಿದರೆ ತಪ್ಪೂ ಚಿಕ್ಕದಾಗುತ್ತದೆ. ಕೊನೆಗೆ ಅವರು ನಿಂತದ್ದು ದಿನಕ್ಕೆ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟಿಗೆ: ಬೆಳಿಗ್ಗೆ 6, ಮಧ್ಯಾಹ್ನ 12, ರಾತ್ರಿ 12. ಸಕ್ಕರೆ ಹತೋಟಿಗೆ ಬಂತು, ಆರೋಗ್ಯ ಸುಧಾರಿಸಿತು.

ಇದನ್ನು ಬರೆದು ವೈದ್ಯಕೀಯ ಪತ್ರಿಕೆಗಳಿಗೆ ಕಳಿಸಿದರೆ ಹಿಂದಕ್ಕೆ ಬಂತು. ಎಂಜಿನಿಯರನ ಮಾತನ್ನು ವೈದ್ಯರು ಯಾಕೆ ಕೇಳುತ್ತಾರೆ? ಸರಿ, ನಾನೇ ವೈದ್ಯನಾಗುತ್ತೇನೆ ಎಂದು ತಮ್ಮ 45ನೆಯ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿ 1983ರಲ್ಲಿ ಡಾಕ್ಟರಾದರು! ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಮೂತ್ರಪಿಂಡಗಳ ತೊಂದರೆ ತಗ್ಗುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು ಹೇಳಿದ್ದು 1993ರಲ್ಲಿ. ಬರ್ನ್‌ಸ್ಟೀನ್ 2025ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ. ಹನ್ನೆರಡಕ್ಕೆ ಈ ಕಾಯಿಲೆ ಬಂದ ಹುಡುಗನ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಅವರ 30 ಗ್ರಾಂ ಎಲ್ಲರಿಗೂ ವೇದವಾಕ್ಯವೆ? ಖಂಡಿತ ಅಲ್ಲ. ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2015ರಲ್ಲಿ 800 ಜನರ ಸಕ್ಕರೆಯನ್ನು ಅಳೆದಾಗ, ಒಂದೇ ತಿನಿಸು ಒಬ್ಬರಲ್ಲಿ ಸಕ್ಕರೆಯನ್ನು ಜೋರಾಗಿ ಏರಿಸಿದರೆ ಇನ್ನೊಬ್ಬರಲ್ಲಿ ಅಷ್ಟಾಗಿ ಏರಿಸದು ಎಂದು ಕಂಡುಬಂತು. ಅಮೆರಿಕದ ಡಯಾಬಿಟಿಸ್ ಸಂಘ 2019ರಲ್ಲಿ ಪಿಷ್ಟ ತಗ್ಗಿಸುವ ದಾರಿಯನ್ನು ಒಪ್ಪಿದರೂ, ಎಲ್ಲರಿಗೂ ಸಲ್ಲುವ ಒಂದೇ ಪ್ರಮಾಣವಿಲ್ಲ ಎಂದಿತು. ಇಂಥ ಪಥ್ಯದ ಲಾಭ ಮೊದಲ ಆರು ತಿಂಗಳಲ್ಲಿ ಕಂಡಷ್ಟು ವರ್ಷದ ಕೊನೆಗೆ ಉಳಿಯುವುದಿಲ್ಲ ಎನ್ನುವ ಅಧ್ಯಯನಗಳೂ ಇವೆ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇದನ್ನು ದಯವಿಟ್ಟು ಮರೆಯಬೇಡಿ.

ನಮ್ಮ ಮನೆಯಲ್ಲಿ ನಡೆದದ್ದನ್ನೂ ಹೇಳಿಬಿಡುತ್ತೇವೆ. ವಾರ್ಷಿಕ ತಪಾಸಣೆಯಲ್ಲಿ ಡಾಕ್ಟರು "ಗಡಿಯಲ್ಲಿದ್ದೀರಿ" ಎಂದಾಗ ಒಂದು ಮೀಟರ್ ತಂದೆವು. ಒಂದು ಭಾನುವಾರ ನಾವೂ ನಮ್ಮಾಕೆಯೂ ತಲಾ ಮೂರು ಇಡ್ಲಿ ತಿಂದು ಒಂದು ಗಂಟೆಯ ನಂತರ ಬೆರಳು ಚುಚ್ಚಿಕೊಂಡೆವು. ಅವಳದು 128, ನಮ್ಮದು 186. ಒಂದೇ ಹಿಟ್ಟು, ಒಂದೇ ಚಟ್ನಿ! ಅಂದಿನಿಂದ ನಮ್ಮ ತಟ್ಟೆಯಲ್ಲಿ ಒಂದು ಇಡ್ಲಿ, ಅದರ ಪಕ್ಕ ಹುರುಳಿಕಾಯಿ ಪಲ್ಯ, ಮೊಟ್ಟೆ. ಅನ್ನ ಪೂರ್ತಿ ಬಿಟ್ಟಿಲ್ಲ, ಒಂದು ಸಣ್ಣ ಬಟ್ಟಲು ಮೊಸರನ್ನ ಉಳಿದಿದೆ. ಅದಿಲ್ಲದೆ ಊಟ ಮುಗಿದಂತೆ ಅನ್ನಿಸುವುದಿಲ್ಲ, ಏನು ಮಾಡೋಣ.

ಆ ಮೀಟರ್ ಕೈಗೆ ತೆಗೆದುಕೊಂಡಾಗಲೆಲ್ಲ ತಂದೆಯವರು ನೆನಪಾಗುತ್ತಾರೆ. ತಿಪಟೂರಿನಲ್ಲಿ ಮೇಷ್ಟ್ರಾಗಿದ್ದರು. ಸಕ್ಕರೆ ಕಾಯಿಲೆ ಎಂದು ತಿಳಿದ ದಿನವೇ ಅನ್ನ ಬಿಟ್ಟು ಮುದ್ದೆ ಹಿಡಿದರು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲೂ ಸುಮಾರು 70 ಇದೆ. ಎರಡು ಹೊತ್ತೂ ದೊಡ್ಡ ಮುದ್ದೆ ನುಂಗುತ್ತಿದ್ದವರಿಗೆ ಅದನ್ನು ಯಾರೂ ಹೇಳಲಿಲ್ಲ. ಮೂರು ತಿಂಗಳಿಗೊಮ್ಮೆ ಲ್ಯಾಬಿನ ಚೀಟಿಯಲ್ಲಿ ಸಂಖ್ಯೆ ಏರಿದಾಗ "ಕದ್ದು ಸಿಹಿ ತಿಂದಿರಬೇಕು" ಎಂದು ಮನೆಯವರೆಲ್ಲ ರೇಗುತ್ತಿದ್ದೆವು. ಅವರು "ಇಲ್ಲಪ್ಪಾ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕೊನೆಯ ನಾಲ್ಕು ವರ್ಷ ಪೇಪರ್ ಓದಲು ಕಣ್ಣಿರಲಿಲ್ಲ. ಊರಿಗೆ ಹೋದಾಗಲೆಲ್ಲ ಸೂಟ್‌ಕೇಸಿನಲ್ಲಿ ಚಾಕೊಲೇಟ್, ಸೆಂಟು, ಒಮ್ಮೆ ಕ್ಯಾಮೆರಾ ಕೂಡ ಒಯ್ದಿದ್ದೇವೆ. ಇಲ್ಲಿ ಮೂಲೆಯ ಔಷಧದಂಗಡಿಯಲ್ಲಿ ಸಿಗುವ ಮೀಟರನ್ನು ಒಯ್ಯಬೇಕೆಂದು ನಮಗೆ ಒಮ್ಮೆಯೂ ಹೊಳೆಯಲಿಲ್ಲ.

ಮುಂದಿನ ಬಾರಿ ಊರಿಗೆ ಹೊರಟವರು ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ಬಳಿ ಮೀಟರ್ ಇದೆಯೇ, ಅದಕ್ಕೆ ಪಟ್ಟಿಗಳಿವೆಯೇ ಎಂದು ಒಂದು ಮಾತು ಕೇಳಿ. ಊಟಕ್ಕೆ ಮೊದಲು ಒಮ್ಮೆ, ಊಟವಾಗಿ ಎರಡು ಗಂಟೆಗೆ ಒಮ್ಮೆ ನೋಡುವುದನ್ನು ಪಕ್ಕದಲ್ಲಿ ಕುಳಿತು ಕಲಿಸಿ, ಬರೆದಿಡಲು ಒಂದು ನೋಟ್‌ಬುಕ್ಕನ್ನೂ ಕೊಡಿ. ಆಮೇಲೆ ಆ ಪುಸ್ತಕ ಹಿಡಿದು ಅವರ ಡಾಕ್ಟರ ಬಳಿ ಜೊತೆಯಲ್ಲಿ ಹೋಗಿ ಬನ್ನಿ.