ಅಸ್ಥಿಮಜ್ಜೆ ಕಸಿ ಆದವರಿಗೆ ‘ಆ್ಯಂಟಿಬಾಡಿ ನೆಗೆಟಿವ್’ ಬಂದರೆ ಸೋಂಕಿಲ್ಲವೇ?

ನಂಬಿಕೆ: ಆ್ಯಂಟಿಬಾಡಿ ನೆಗೆಟಿವ್ ಬಂದರೆ ವೈರಸ್ ಇಲ್ಲ, ಪಾಸಿಟಿವ್ ಬಂದರೆ ರಕ್ಷಣೆ ಇದೆ.

ವಾಸ್ತವ: ಅಸ್ಥಿಮಜ್ಜೆ ಕಸಿ ಆದವರ ವಿಷಯದಲ್ಲಿ ಈ ಎರಡೂ ಮಾತು ತಪ್ಪಾಗಬಹುದು.

ಯಾಕೆ ಹೀಗೆ?

ಅಸ್ಥಿಮಜ್ಜೆ ರಕ್ತಕಣಗಳ ಕಾರ್ಖಾನೆ. ದಾನಿಯ ಕಸಿಗೆ ಮೊದಲು ಕೊಡುವ ಕೀಮೋಥೆರಪಿ ಹಳೆಯ ಮಜ್ಜೆಯನ್ನು ಕುಗ್ಗಿಸುತ್ತದೆ. ಬಾಲ್ಯದ ಲಸಿಕೆಗಳಿಂದ ಬಂದ ರಕ್ಷಣೆಯೂ ಕ್ರಮೇಣ ಕರಗುತ್ತದೆ. ಆ್ಯಂಟಿಬಾಡಿ ತಯಾರಿಸುವ ಬಿ ಕೋಶಗಳು ಚೇತರಿಸಿಕೊಳ್ಳಲು ಹಲವು ತಿಂಗಳು, ಕೆಲವರಿಗೆ 2 ವರ್ಷಕ್ಕಿಂತ ಹೆಚ್ಚು ಬೇಕು.

ನೆಗೆಟಿವ್ ಬಂದರೆ?

ಹಾಲಾಡಿಯಂಥ ಮಲೆನಾಡಿನ ಅಂಚಿನ ಊರುಗಳಲ್ಲಿ ಮಳೆಗಾಲವೆಂದರೆ ಡೆಂಗಿ ಭಯ. ಸಾಮಾನ್ಯವಾಗಿ ಜ್ವರ ಬಂದ 4–5 ದಿನಗಳ ನಂತರ ಡೆಂಗಿಯ ಐಜಿಎಂ ಆ್ಯಂಟಿಬಾಡಿ ಕಾಣುತ್ತದೆ. ಕಸಿ ಆದವರಲ್ಲಿ ಅದು ತಡವಾಗಬಹುದು, ಬಾರದೆಯೂ ಇರಬಹುದು. ಅದಕ್ಕೇ ವೈರಸ್ಸನ್ನೇ ನೇರವಾಗಿ ಹುಡುಕುವ ಎನ್‌ಎಸ್‌1 ಅಥವಾ ಪಿಸಿಆರ್ ಪರೀಕ್ಷೆ ಮುಖ್ಯ.

ಪಾಸಿಟಿವ್ ಬಂದರೆ?

ರಕ್ತ ಅಥವಾ ಇಮ್ಯುನೊಗ್ಲಾಬ್ಯುಲಿನ್ ಪಡೆದವರಲ್ಲಿ ಕಾಣುವ ಆ್ಯಂಟಿಬಾಡಿ ಬೇರೆಯವರದ್ದಾಗಿರಬಹುದು. ಸೈಟೊಮೆಗಾಲೊವೈರಸ್‌ ವಿಷಯದಲ್ಲಂತೂ ಕಸಿಗೆ ಮೊದಲೇ ಪಾಸಿಟಿವ್ ಎಂದರೆ ವೈರಸ್ ದೇಹದಲ್ಲಿ ಮಲಗಿದೆ ಎಂದರ್ಥ. ಕಸಿಯ ನಂತರ ಅದು ಎಚ್ಚೆತ್ತುಕೊಳ್ಳಬಹುದು. ಅದನ್ನು ಹತ್ತಿಕ್ಕುವುದು ಮುಖ್ಯವಾಗಿ ಟಿ ಕೋಶಗಳ ಕೆಲಸ. ಆದ್ದರಿಂದ ಮೊದಲ 100 ದಿನ ಸಾಮಾನ್ಯವಾಗಿ ವಾರಕ್ಕೊಮ್ಮೆ ಪಿಸಿಆರ್ ಮಾಡುತ್ತಾರೆ.

ಮನೆಯವರು ಏನು ಮಾಡಬೇಕು?

• ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಾಯಬೇಡಿ. ಮಾತ್ರೆ ನುಂಗಿಸಿ ಬೆಳಗಿನವರೆಗೆ ನೋಡುವುದೂ ಬೇಡ. ಕಸಿ ಮಾಡಿದ ಆಸ್ಪತ್ರೆಗೆ ಕೂಡಲೇ ಫೋನ್ ಮಾಡಿ. ದೂರವಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ, ಕಸಿ ಆಗಿದೆ ಎಂದು ಮೊದಲೇ ತಿಳಿಸಿ.
• ರೋಗಿಗೆ ಲಸಿಕೆಗಳನ್ನು ಹೊಸದಾಗಿ ಹಾಕಿಸಬೇಕು. ಫ್ಲೂ ಲಸಿಕೆ ಸಾಮಾನ್ಯವಾಗಿ 6 ತಿಂಗಳ ನಂತರ. ದಡಾರದಂಥ ಜೀವಂತ ಲಸಿಕೆ ಕನಿಷ್ಠ 24 ತಿಂಗಳ ನಂತರ, ಅದೂ ವೈದ್ಯರು ಒಪ್ಪಿದರೆ ಮಾತ್ರ.
• ಮನೆಯ ಮಗುವಿಗೆ ಪೋಲಿಯೊ ಹನಿ ಹಾಕಿಸುವ ಮುನ್ನ ವೈದ್ಯರನ್ನು ಕೇಳಿ. ಹನಿಯಲ್ಲಿರುವ ದುರ್ಬಲಗೊಳಿಸಿದ ವೈರಸ್ ಮಲದ ಮೂಲಕ ರೋಗಿಗೆ ತಲುಪಬಹುದು. ಲಸಿಕೆಯನ್ನೇ ಬಿಡಬೇಡಿ, ಚುಚ್ಚುಮದ್ದಿನ ರೂಪವೂ ಇದೆ.
• ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಿ.

ಕೊನೆಯ ಮಾತು: ಕಸಿ ಆದವರ ಆ್ಯಂಟಿಬಾಡಿ ವರದಿಯನ್ನು ವಾಟ್ಸಾಪ್ ಸೂತ್ರದಿಂದ ಅಳೆಯಬೇಡಿ. ಅದನ್ನು ಅವರ ವೈದ್ಯರೇ ಓದಲಿ.